ಕೆಳಗೆ ಯಾರಿದ್ದರು?

ಕೊಟ್ಟಾರದ ಆಕಾಶಕ್ಕೆ ವಿಮಾನ ಅಪರಿಚಿತವಲ್ಲ. ಚೌಕಿಯಲ್ಲಿ ಹೆದ್ದಾರಿ ವಾಹನಗಳ ಗದ್ದಲ ಎಷ್ಟೇ ಇರಲಿ, ಬಜಪೆಗೆ ಇಳಿಯುವ, ಅಲ್ಲಿಂದ ಏರುವ ವಿಮಾನಗಳ ಸದ್ದು ಕಿವಿಗೆ ಬೀಳುತ್ತದೆ. ಈ ಊರಿನ ಮಟ್ಟಿಗೆ ವಿಮಾನವೆಂದರೆ ಬದುಕು. ಅದು ಮಗನನ್ನು ದುಬೈಗೋ ದಮಾಮ್‌ಗೋ ಒಯ್ಯುತ್ತದೆ. ರಜೆ ಸಿಕ್ಕಾಗ ಅಪ್ಪನನ್ನು ಮನೆಗೆ ತರುತ್ತದೆ. 1990ರಲ್ಲಿ ಇರಾಕಿನ ಸೈನ್ಯ ಕುವೈತ್‌ಗೆ ನುಗ್ಗಿದಾಗ ಒಂದು ಲಕ್ಷ ಎಪ್ಪತ್ತು ಸಾವಿರದಷ್ಟು ಭಾರತೀಯರನ್ನು ಜೋರ್ಡಾನಿನ ಅಮ್ಮಾನ್‌ನಿಂದ ತಾಯ್ನಾಡಿಗೆ ಮುಟ್ಟಿಸಿದ್ದು ವಿಮಾನಗಳೇ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಬಜಪೆಯ ರನ್‌ವೇ ದಾಟಿ ಕಣಿವೆಗೆ ಉರುಳಿ 158 ಮಂದಿ ಪ್ರಾಣ ಕಳೆದುಕೊಂಡಾಗ ಇಡೀ ಜಿಲ್ಲೆ ಅತ್ತಿತು. ವಿಮಾನದೊಳಗೆ ಇರುವವರು ನಮ್ಮವರು ಎಂಬ ಭಾವನೆ ಕರಾವಳಿಯ ಜನರಲ್ಲಿ ಅಷ್ಟು ಆಳವಾಗಿದೆ.

ಅದೇ ಊರಿನ ಮನೆಗಳಲ್ಲಿ, ಮಕ್ಕಳ ಕೈಯಲ್ಲಿರುವ ಮೊಬೈಲಿನಲ್ಲಿ ಇನ್ನೊಂದು ಬಗೆಯ ವಿಮಾನ ಹಾರುತ್ತಿರುತ್ತದೆ. ಅದು ಲೋಕದಲ್ಲಿ ಎಲ್ಲಿಯೂ ಇಲ್ಲದ ವಿಮಾನ. ಅದರ ಕೆಲಸ ಜನರನ್ನು ಊರಿಗೆ ಮುಟ್ಟಿಸುವುದಲ್ಲ, ಊರನ್ನು ಸುಡುವುದು. ಬೆರಳೊಂದನ್ನು ಒತ್ತಿದರೆ ಕೆಳಗೆ ಕೆಂಪು ಹಳದಿ ಹೂವಿನಂತೆ ಬೆಂಕಿ ಅರಳುತ್ತದೆ, ಅಂಕ ಏರುತ್ತದೆ. ಮಗು ನಗುತ್ತದೆ. ಹೆತ್ತವರೂ, ಸದ್ಯ ಸುಮ್ಮನೆ ಕುಳಿತಿದೆಯಲ್ಲ ಎಂದು ಸಮಾಧಾನಪಡುತ್ತಾರೆ.

ಇಲ್ಲದ ವಿಮಾನದಿಂದ, ಇಲ್ಲದ ಊರಿನ ಮೇಲೆ, ಇಲ್ಲದ ಬಾಂಬನ್ನು ಹಾಕಿ ಸಂತೋಷಪಡುವುದು ತಪ್ಪೇ? ಸಾಯುವವರು ಯಾರೂ ಇಲ್ಲ. ಯಾರ ಮನೆಯೂ ಬೀಳುವುದಿಲ್ಲ. ಹೀಗಿರುವಾಗ ಇದರಲ್ಲಿ ನೀತಿಯ ಪ್ರಶ್ನೆ ಎಲ್ಲಿಂದ ಬಂತು ಎಂದು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಅದಕ್ಕೆ ಉತ್ತರ ಹುಡುಕುವ ಮುನ್ನ ಈ ಕಾಲ್ಪನಿಕ ವಿಮಾನದ ರಚನೆಯನ್ನು ಸ್ವಲ್ಪ ಗಮನಿಸೋಣ.

1977ರಲ್ಲಿ ತೆರೆಕಂಡ ‘ಸ್ಟಾರ್ ವಾರ್ಸ್’ ಸಿನಿಮಾ ಜಗತ್ತಿನಾದ್ಯಂತ ಮಕ್ಕಳ ಕಲ್ಪನೆಯನ್ನು ಆಳಿತು. ಅದರ 1980ರ ಮುಂದಿನ ಭಾಗದಲ್ಲಿ ‘ಟೈ ಬಾಂಬರ್’ ಎಂಬ ವಿಮಾನವೊಂದು ಬರುತ್ತದೆ. ಅದರ ಒಡಲು ಪಕ್ಕಪಕ್ಕದಲ್ಲಿ ಜೋಡಿಸಿದ ಎರಡು ಉರುಟು ಕೊಳವೆಗಳಂತಿದೆ. ಒಂದರಲ್ಲಿ ಚಾಲಕ, ಇನ್ನೊಂದರಲ್ಲಿ ಬಾಂಬುಗಳು. ಬಾಹ್ಯಾಕಾಶದಲ್ಲಿ ತೇಲುವ ಬಂಡೆಯೊಂದರೊಳಗೆ ಅಡಗಿಕೊಂಡವರನ್ನು ಹೊರಗೆ ಓಡಿಸಲು ಅದು ಬಂಡೆಯ ಮೇಲೆ ಬಾಂಬು ಸುರಿಸುತ್ತಾ ಸಾಗುತ್ತದೆ. 2017ರಲ್ಲಿ ಬಂದ ಅದೇ ಸರಣಿಯ ಸಿನಿಮಾದಲ್ಲಿ ಇನ್ನೂ ದೊಡ್ಡ ಬಾಂಬರ್ ಇದೆ. ಅದರ ಹೆಸರು ‘ಸ್ಟಾರ್‌ಫೋರ್ಟ್ರೆಸ್’. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ನಗರಗಳ ಮೇಲೆ ಹಾರಿದ ಅಮೇರಿಕದ ‘ಫ್ಲೈಯಿಂಗ್ ಫೋರ್ಟ್ರೆಸ್’ ಬಾಂಬರನ್ನು ಆ ಹೆಸರು ನೆನಪಿಸುತ್ತದೆ. ಅದರ ಹೊಟ್ಟೆ ತೆರೆದಾಗ ಸಾಲುಸಾಲು ಬಾಂಬುಗಳು ಕೆಳಗಿನ ಹಡಗಿನ ಮೇಲೆ ಬೀಳುತ್ತವೆ.

ಇಲ್ಲೊಂದು ವಿಚಿತ್ರವಿದೆ. ಭೂಮಿಯಿಂದ ದೂರದ ಬಾಹ್ಯಾಕಾಶದಲ್ಲಿ ಮೇಲೆ, ಕೆಳಗೆ ಎಂಬುದಿಲ್ಲ. ಭೂಮಿಯ ಮೇಲೆ ಕಲ್ಲು ಬಿದ್ದಂತೆ ಅಲ್ಲಿ ಯಾವುದೂ ಬೀಳುವುದಿಲ್ಲ. ಆದರೂ ಕಥೆ ಹೆಣೆದವರು ಅಲ್ಲಿಯೂ ಒಂದು ‘ಮೇಲೆ’ಯನ್ನು, ಒಂದು ‘ಕೆಳಗೆ’ಯನ್ನು ಸೃಷ್ಟಿಸಿಕೊಂಡರು. ಯಾಕೆ? ಯಾಕೆಂದರೆ ಕೆಳಗೆ ಯಾರೂ ಇಲ್ಲದಿದ್ದರೆ ಬಾಂಬರ್ ಎಂಬ ಯಂತ್ರಕ್ಕೆ ಅರ್ಥವೇ ಇಲ್ಲ. ಬೇರೆ ಯುದ್ಧವಿಮಾನಗಳು ಆಕಾಶದಲ್ಲಿ ತಮ್ಮಂಥದೇ ವಿಮಾನಗಳೊಡನೆ ಹೋರಾಡಬಹುದು. ಬಾಂಬರ್ ಹಾಗಲ್ಲ. ಅದು ಹುಟ್ಟಿದ್ದೇ ಕೆಳಗೆ ಇರುವವರಿಗಾಗಿ. ನೆಲವೇ ಇಲ್ಲದ ಲೋಕಕ್ಕೆ ಹೋದರೂ ಅದು ತನ್ನ ನೆಲವನ್ನು ಜೊತೆಗೆ ಒಯ್ಯುತ್ತದೆ.

ಇನ್ನೊಂದು ವಿಷಯ. 2017ರ ಆ ದೃಶ್ಯದಲ್ಲಿ ಬಾಂಬರಿನೊಳಗೆ ಇರುವ ಯುವತಿಗೆ ಹೆಸರಿದೆ. ಅವಳ ಕೊರಳಲ್ಲಿ ಪದಕವಿದೆ. ಅದರ ಜೋಡಿ ಪದಕವನ್ನು ಧರಿಸಿದ ತಂಗಿ ಇದ್ದಾಳೆ. ಅವಳು ಸತ್ತಾಗ ನೋಡುವವರ ಕಣ್ಣು ಒದ್ದೆಯಾಗುತ್ತದೆ. ಕೆಳಗಿನ ಹಡಗಿನಲ್ಲಿ ಎಷ್ಟು ಜನರಿದ್ದರು? ಅದರ ಕಪ್ತಾನನನ್ನು ಬಿಟ್ಟರೆ ಯಾರ ಮುಖವೂ ನೆನಪಿನಲ್ಲಿ ಉಳಿಯುವುದಿಲ್ಲ. ಅವರೆಲ್ಲ ದುಷ್ಟರ ಕಡೆಯವರು, ಅಷ್ಟು ಸಾಕು. ಕಥೆ ಕಣ್ಣೀರನ್ನು ಮೇಲಿನವರಿಗೆ ಮಾತ್ರ ಮೀಸಲಿಡುತ್ತದೆ.

“ಯುದ್ಧದ ಕಥೆ ಯಾವ ಕಾಲದಲ್ಲಿ ಇರಲಿಲ್ಲ? ಯಕ್ಷಗಾನದಲ್ಲಿ ರಾತ್ರಿಯಿಡೀ ಯುದ್ಧವಲ್ಲವೇ?” ಎಂದು ನಮ್ಮ ಓದುಗರು ಕೇಳಬಹುದು. ನಿಜ. ಹಾರುವ ಯುದ್ಧಯಂತ್ರವೂ ನಮಗೆ ಹೊಸತಲ್ಲ. ಮಹಾಭಾರತದ ವನಪರ್ವದಲ್ಲಿ ಶಾಲ್ವರಾಜ ‘ಸೌಭ’ವೆಂಬ ಹಾರುವ ನಗರವನ್ನೇರಿ, ಕೃಷ್ಣನಿಲ್ಲದ ಹೊತ್ತಿನಲ್ಲಿ ದ್ವಾರಕೆಯ ಮೇಲೆ ದಾಳಿ ಮಾಡುತ್ತಾನೆ. ಶಿಶುಪಾಲನ ವಧೆಗೆ ಅದು ಪ್ರತೀಕಾರ. ಕೊಂದವನು ಕೃಷ್ಣ, ಪೆಟ್ಟು ಬಿದ್ದದ್ದು ದ್ವಾರಕೆಯ ಜನರಿಗೆ. ಕೋಪ ಒಬ್ಬನ ಮೇಲಾದರೆ ದಾಳಿ ಊರಿನ ಮೇಲೆ ಎಂಬ ನೀತಿಗೆ ಅಷ್ಟು ಹಳೆಯ ಇತಿಹಾಸವಿದೆ.

ಆದರೆ ಯಕ್ಷಗಾನದ ಯುದ್ಧಕ್ಕೂ ಈ ಆಟದ ಯುದ್ಧಕ್ಕೂ ಒಂದು ದೊಡ್ಡ ಅಂತರವಿದೆ. ನಮ್ಮ ಜಿಲ್ಲೆಯ ತಾಳಮದ್ದಳೆಯನ್ನು ಕೇಳಿದವರಿಗೆ ಅದು ತಟ್ಟನೆ ಹೊಳೆಯುತ್ತದೆ. ಅಲ್ಲಿ ಸಾಯುವವನಿಗೂ ಮಾತಿದೆ. ‘ವಾಲಿವಧೆ’ ಪ್ರಸಂಗವನ್ನೇ ತೆಗೆದುಕೊಳ್ಳಿ. ಮರೆಯಲ್ಲಿ ನಿಂತು ಬಿಟ್ಟ ಬಾಣಕ್ಕೆ ವಾಲಿ ಉರುಳುತ್ತಾನೆ. ಆದರೆ ಪ್ರಸಂಗ ಅಲ್ಲಿಗೆ ಮುಗಿಯುವುದಿಲ್ಲ, ಅದರ ಸಾರ ಆಗಷ್ಟೇ ಆರಂಭವಾಗುತ್ತದೆ. ನೆಲಕ್ಕೆ ಬಿದ್ದ ವಾಲಿ ರಾಮನನ್ನು ಪ್ರಶ್ನಿಸುತ್ತಾನೆ. ನಿನಗೆ ನಾನೇನು ಅನ್ಯಾಯ ಮಾಡಿದ್ದೆ, ಎದುರಿಗೆ ಯಾಕೆ ಬರಲಿಲ್ಲ ಎಂದು ಕೇಳುತ್ತಾನೆ. ರಾಮನ ಪಾತ್ರ ವಹಿಸಿದ ಅರ್ಥಧಾರಿ ಅದಕ್ಕೆ ಉತ್ತರ ಕೊಡಲೇಬೇಕು, ತಪ್ಪಿಸಿಕೊಳ್ಳುವಂತಿಲ್ಲ. ಸಭೆಯಲ್ಲಿ ಕುಳಿತವರು ಎರಡೂ ಕಡೆಯ ವಾದ ಕೇಳಿ ತೂಗಿ ನೋಡುತ್ತಾರೆ. ಜಬ್ಬಾರ್ ಸಮೋ ಅವರಂಥ ಅರ್ಥಧಾರಿಗಳನ್ನೂ ಪ್ರೀತಿಯಿಂದ ಕೇಳುವ ಈ ಸಭೆಗಳಿಗೆ, ವಾದದಲ್ಲಿ ಎದುರಾಳಿಗೂ ಪೂರ್ತಿ ಅವಕಾಶ ಸಿಗಬೇಕೆಂಬುದು ಗೊತ್ತಿದೆ. ದೂರದಿಂದ, ಕಾಣದಂತೆ ಕೊಂದವನು ಕೊಲ್ಲಿಸಿಕೊಂಡವನ ಪ್ರಶ್ನೆಗೆ ಮುಖಾಮುಖಿಯಾಗಬೇಕು ಎಂಬುದು ಈ ನೆಲದ ಕಲೆ ಪಾಲಿಸಿಕೊಂಡು ಬಂದ ನಿಯಮ.

ಬಾಂಬರಿನ ಆಟದಲ್ಲಿ ವಾಲಿಯಿಲ್ಲ. ಬಾಂಬು ಬಿದ್ದ ಮೇಲೆ ವಿಮಾನ ಮುಂದಕ್ಕೆ ಹೋಗುತ್ತದೆ. ಕೆಳಗಿನವರಿಗೆ ಒಂದೇ ಒಂದು ಮಾತು ಕೂಡ ಇಲ್ಲ. ಆಕ್ಷೇಪ ಇರುವುದು ಆಟದಲ್ಲಿ ಯುದ್ಧವಿದೆ ಎಂಬುದಕ್ಕಲ್ಲ, ಸತ್ತವನ ಪ್ರಶ್ನೆ ಇಲ್ಲ ಎಂಬುದಕ್ಕೆ.

ಕಲ್ಪನೆಯಿಂದ ಯಾರಿಗೂ ನೋವಾಗದು ಎಂಬ ಮಾತನ್ನು ಇತಿಹಾಸದ ಬೆಳಕಿನಲ್ಲಿಯೂ ಪರಿಶೀಲಿಸಬೇಕು. ಆಕಾಶದಿಂದ ಬಾಂಬು ಹಾಕುವುದು ಮೊದಲು ನಡೆದದ್ದು ಕಲ್ಪನೆಯಲ್ಲಿ. ಇಂಗ್ಲಿಷ್ ಲೇಖಕ ಎಚ್.ಜಿ. ವೆಲ್ಸ್ 1908ರ ತನ್ನ ಕಾದಂಬರಿಯಲ್ಲಿ ಜರ್ಮನಿಯ ವಾಯುನೌಕೆಗಳು ನ್ಯೂಯಾರ್ಕ್ ನಗರವನ್ನು ಸುಡುವುದನ್ನು ಬರೆದ. ಮೂರೇ ವರ್ಷದಲ್ಲಿ, 1911ರ ನವೆಂಬರ್ 1ರಂದು, ಇಟಲಿಯ ಪೈಲಟ್ ಜೂಲಿಯೋ ಗವೋಟಿ ಲಿಬಿಯಾದ ಟ್ರಿಪೋಲಿ ಬಳಿ ತನ್ನ ಪುಟ್ಟ ವಿಮಾನದಿಂದ ಕೈಯಾರೆ ನಾಲ್ಕು ಬಾಂಬುಗಳನ್ನು ಎಸೆದ. ವಿಮಾನದಿಂದ ಬಾಂಬು ಬಿದ್ದ ಮೊದಲ ಘಟನೆಗಳಲ್ಲಿ ಅದು ಒಂದು. ಬಿದ್ದದ್ದು ಪರದೇಶಿ ಸೈನ್ಯವೊಂದು ಆಕ್ರಮಿಸಲು ಬಂದಿದ್ದ ನಾಡಿನ ಮೇಲೆ. 1914ರಲ್ಲಿ ವೆಲ್ಸ್ ಇನ್ನೊಂದು ಕಾದಂಬರಿಯಲ್ಲಿ ‘ಪರಮಾಣು ಬಾಂಬು’ಗಳನ್ನು ಕಲ್ಪಿಸಿದ. 1932ರಲ್ಲಿ ಆ ಕಾದಂಬರಿಯನ್ನು ಓದಿದ ಭೌತವಿಜ್ಞಾನಿ ಲಿಯೋ ಸಿಲಾರ್ಡ್‌ಗೆ ಮರುವರ್ಷ ಲಂಡನ್ನಿನಲ್ಲಿ ಪರಮಾಣು ಸರಪಳಿ ಕ್ರಿಯೆಯ ಉಪಾಯ ಹೊಳೆಯಿತು. 1945ರ ಜುಲೈಯಲ್ಲಿ, ಜಪಾನಿನ ಮೇಲೆ ಆ ಬಾಂಬನ್ನು ಪ್ರಯೋಗಿಸಬಾರದೆಂದು ಅಮೇರಿಕದ ಅಧ್ಯಕ್ಷರಿಗೆ ಮನವಿ ಬರೆದು ಸಹೋದ್ಯೋಗಿಗಳ ಸಹಿ ಸಂಗ್ರಹಿಸಿದ್ದೂ ಇದೇ ಸಿಲಾರ್ಡ್. ಆಗಸ್ಟ್ 6ರಂದು ಹಿರೋಶಿಮಾ ಸುಟ್ಟುಹೋಯಿತು.

ಕಾದಂಬರಿಯೇ ಬಾಂಬನ್ನು ತಯಾರಿಸಿತು ಎಂದು ಇದರ ಅರ್ಥವಲ್ಲ. ವೆಲ್ಸ್ ಬರೆದದ್ದು ಎಚ್ಚರಿಸಲಿಕ್ಕಾಗಿ. ಅವನ ಪುಟಗಳಲ್ಲಿ ಸುಡುವ ನಗರದ ಬೀದಿಗಳೂ ಇದ್ದವು. ಕಲ್ಪನೆಗೆ ಎರಡು ಶಕ್ತಿಗಳಿವೆ ಎಂಬುದಷ್ಟೇ ಇಲ್ಲಿ ಮುಖ್ಯ. ಒಂದು ಯಂತ್ರವನ್ನು ಕಾಣುತ್ತದೆ, ಇನ್ನೊಂದು ಅದರ ಫಲವನ್ನು ಕಾಣುತ್ತದೆ. 1899ರಲ್ಲಿ, ವಿಮಾನವೇ ಇಲ್ಲದ ಕಾಲದಲ್ಲಿ, ಹೇಗ್ ನಗರದಲ್ಲಿ ಸೇರಿದ ದೇಶಗಳು ಬಲೂನಿನಿಂದ ಸ್ಫೋಟಕ ಎಸೆಯುವುದನ್ನು ಐದು ವರ್ಷಗಳ ಮಟ್ಟಿಗೆ ನಿಷೇಧಿಸಿದ್ದವು. ಬರಲಿರುವ ಅನಾಹುತವನ್ನು ಮನಸ್ಸಿನಲ್ಲೇ ಕಂಡು ಹೆದರಿದ ಕಲ್ಪನೆ ಅದು. 1907ರಲ್ಲಿ ಆ ನಿಷೇಧವನ್ನು ಮುಂದುವರಿಸುವ ಹೊತ್ತಿಗೆ ಹೆಚ್ಚಿನ ಬಲಾಢ್ಯ ದೇಶಗಳು ಹಿಂದೆ ಸರಿದವು. ಅಷ್ಟರಲ್ಲಿ ಯಂತ್ರದ ಕನಸು ಅವರನ್ನು ಹಿಡಿದುಬಿಟ್ಟಿತ್ತು.

ಜರ್ಮನ್ ಭಾಷೆಯ ಚಿಂತಕ ಗುಂಥರ್ ಆಂಡರ್ಸ್ ಈ ವಿಷಯವನ್ನು ಬಹಳ ಯೋಚಿಸಿದವನು. ಮನುಷ್ಯ ತಾನು ಕಲ್ಪಿಸಿಕೊಳ್ಳಲಾರದಷ್ಟು ದೊಡ್ಡದನ್ನು ತಯಾರಿಸಬಲ್ಲವನಾಗಿದ್ದಾನೆ, ಕೈ ಮಾಡಬಲ್ಲದ್ದನ್ನು ಮನಸ್ಸು ಹಿಡಿಯಲಾರದು ಎಂಬುದು ಅವನ ವಾದದ ಸಾರ. ಹಿರೋಶಿಮಾ ದಾಳಿಯ ದಿನ ಮುಂಚಿತವಾಗಿ ಹಾರಿ, ಅಲ್ಲಿನ ಹವಾಮಾನ ಸರಿಯಿದೆಯೆಂದು ವರದಿ ಕೊಟ್ಟ ವಿಮಾನದ ಪೈಲಟ್ ಕ್ಲಾಡ್ ಈದರ್ಲಿ. ಆತ ಬಾಂಬು ಹಾಕಿದವನಲ್ಲ. ಆದರೂ ಮುಂದೆ ಅಪರಾಧಪ್ರಜ್ಞೆಯಿಂದ ಬೆಂದ. ಆಂಡರ್ಸ್ ಮತ್ತು ಆತನ ನಡುವಿನ ಪತ್ರಗಳು 1961ರಲ್ಲಿ ಪುಸ್ತಕವಾಗಿ ಬಂದವು. ಬಾಂಬು ಹಾಕಿದ ವಿಮಾನದ ಪೈಲಟ್ ಪಾಲ್ ಟಿಬೆಟ್ಸ್ ಮಾತ್ರ ತನಗೆ ಪಶ್ಚಾತ್ತಾಪವಿಲ್ಲವೆಂದು ಕೊನೆಯವರೆಗೂ ಹೇಳಿದ. ಜನ ಈದರ್ಲಿಯನ್ನು ಅಸ್ವಸ್ಥನೆಂದು ಕಂಡರು. ಆಂಡರ್ಸ್ ಅದನ್ನು ಒಪ್ಪಲಿಲ್ಲ. ಅಂಥದೊಂದು ಘಟನೆಯ ನಂತರ ಸ್ವಸ್ಥವಾಗಿ ಇರಲು ಆಗದಿರುವುದೇ ಮನಸ್ಸಾಕ್ಷಿ ಬದುಕಿರುವುದರ ಗುರುತು ಎಂದು ಅವನಿಗೆ ಕಂಡಿತು.

ಈ ದೃಷ್ಟಿಯಿಂದ ನೋಡಿದರೆ ನಮ್ಮ ಮಕ್ಕಳ ಸಮಸ್ಯೆ ಕಲ್ಪನೆ ಹೆಚ್ಚಾಗಿರುವುದಲ್ಲ, ಅದು ಅರ್ಧಕ್ಕೇ ನಿಂತಿರುವುದು. ಯಂತ್ರದ ಒಂದೊಂದು ಭಾಗದ ಹೆಸರೂ ಅವರಿಗೆ ಬಾಯಿಪಾಠ. ಅದು ಹಾರಿಹೋದ ಮೇಲೆ ನೆಲದ ಮೇಲೆ ಏನಾಯಿತು ಎಂಬ ಚಿತ್ರ ಅವರ ಮನಸ್ಸಿನಲ್ಲಿ ಇಲ್ಲ.

ಇದು ಮಕ್ಕಳ ಮಾತು ಮಾತ್ರವಲ್ಲ. 2021ರ ಫೆಬ್ರವರಿಯಲ್ಲಿ ಬೆಂಗಳೂರಿನ ಯಲಹಂಕ ವಾಯುನೆಲೆಯಲ್ಲಿ ನಡೆದ ಏರೋ ಇಂಡಿಯಾ ಪ್ರದರ್ಶನಕ್ಕೆ ಅಮೇರಿಕದ ಬಿ-1ಬಿ ಬಾಂಬರ್ ಬಂದಿತ್ತು. ನಮ್ಮದೇ ತೇಜಸ್ ವಿಮಾನದ ಜೊತೆ ಅದು ಹಾರಿದ್ದನ್ನು ಪತ್ರಿಕೆ, ಟಿ.ವಿ.ಗಳು ಸಂಭ್ರಮದಿಂದ ತೋರಿಸಿದವು. ಅದರ ವೇಗ ಎಷ್ಟು, ಎಷ್ಟು ಭಾರ ಹೊರುತ್ತದೆ ಎಂಬ ವಿವರಗಳೆಲ್ಲ ಬಂದವು. ಅದೇ ಜಾತಿಯ ಬಾಂಬರ್ 2009ರ ಮೇ 4ರಂದು ಅಫಘಾನಿಸ್ತಾನದ ಫರಾ ಪ್ರಾಂತ್ಯದ ಗರಾನೈ ಎಂಬ ಹಳ್ಳಿಯ ಮೇಲೂ ಹಾರಿತ್ತು. ತಾಲಿಬಾನಿಗಳನ್ನು ಹುಡುಕುತ್ತಾ ಹಾಕಿದ ಬಾಂಬುಗಳಿಗೆ ಹೆಂಗಸರು, ಮಕ್ಕಳು ಬಲಿಯಾದರು. ಸತ್ತ ನಾಗರಿಕರು 140 ಎಂದು ಅಲ್ಲಿನ ಸರಕಾರ ಹೇಳಿತು. ಅಲ್ಲಿನ ಮಾನವ ಹಕ್ಕು ಆಯೋಗ 97 ಎಂದಿತು. ಅಮೇರಿಕ ಸೇನೆಯ ತನಿಖೆ ಕನಿಷ್ಠ 26 ಎಂದಿತು. 26ಕ್ಕೂ 140ಕ್ಕೂ ನಡುವೆ ನೂರಕ್ಕಿಂತ ಹೆಚ್ಚು ಮನುಷ್ಯರಿದ್ದಾರೆ. ವಿಮಾನದ ಭಾರವನ್ನು ಕಿಲೋ ಲೆಕ್ಕದಲ್ಲಿ ಕರಾರುವಾಕ್ಕಾಗಿ ಹೇಳಬಲ್ಲ ಜಗತ್ತಿಗೆ ಅದರ ಕೆಳಗೆ ಸತ್ತವರ ಲೆಕ್ಕ ಮಾತ್ರ ಸಿಗುವುದಿಲ್ಲ. ಯಲಹಂಕದಲ್ಲಿ ಚಪ್ಪಾಳೆ ತಟ್ಟಿದವರು ಕ್ರೂರಿಗಳಲ್ಲ. ಅವರ ಕಣ್ಣಿಗೆ ಬಿದ್ದದ್ದು ಯಂತ್ರ, ಗರಾನೈ ಅಲ್ಲಿಂದ ಕಾಣುತ್ತಿರಲಿಲ್ಲ.

ಹಾಗೆಂದು ಯಂತ್ರವನ್ನೂ ಅದನ್ನು ಕಟ್ಟಿದ ಕೈಗಳನ್ನೂ ಹೀಗಳೆಯುವುದು ನಮ್ಮ ಉದ್ದೇಶವಲ್ಲ. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ಸ್ಥಾಪಿಸಿದ ವಿಮಾನ ಕಾರ್ಖಾನೆ, ಇಂದಿನ ಎಚ್‌ಎಎಲ್, ಸಾವಿರಾರು ಮನೆಗಳ ಒಲೆ ಉರಿಸಿದೆ. ಮಹಾಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಹಾಳುಗೆಡವಿ ಬಿಟ್ಟುಹೋಗಿದ್ದ ಲಿಬರೇಟರ್ ಬಾಂಬರುಗಳನ್ನು ಬೆಂಗಳೂರಿಗೆ ತಂದು, ಮತ್ತೆ ಹಾರುವಂತೆ ಮಾಡಿದ್ದು ಅಲ್ಲಿನ ಕೆಲಸಗಾರರು. ಹೊಸದಾಗಿ ಸ್ವತಂತ್ರವಾದ ಬಡ ದೇಶವೊಂದು ಗುಜರಿಯಿಂದ ತನ್ನ ರಕ್ಷಣೆಯನ್ನು ಕಟ್ಟಿಕೊಂಡ ಕಥೆ ಅದು. 1942ರ ಏಪ್ರಿಲ್ 6ರಂದು ಜಪಾನಿನ ವಿಮಾನಗಳು ನಮ್ಮ ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಬಾಂಬು ಹಾಕಿದ್ದನ್ನು ಕಂಡ ದೇಶಕ್ಕೆ ರಕ್ಷಣೆಯ ಚಿಂತೆ ಇರಬಾರದೆಂದು ಹೇಳುವುದು ಹೇಗೆ? ದೇಶಕ್ಕೆ ಸೈನ್ಯ ಬೇಕು, ಸೈನ್ಯಕ್ಕೆ ಆಯುಧ ಬೇಕು. ಈ ಮಾತನ್ನು ಒಪ್ಪಿಕೊಂಡೇ ಮುಂದೆ ಯೋಚಿಸಬೇಕಾಗಿದೆ.

ಯುದ್ಧ ಅನಿವಾರ್ಯವೆಂದು ಒಪ್ಪಿದವರೇ ಯುದ್ಧಕ್ಕೆ ಕಟ್ಟುಪಾಡು ಹಾಕಿದ್ದಾರೆ. ಕುರುಕ್ಷೇತ್ರದಲ್ಲಿ ಶಂಖ ಊದುವ ಮುನ್ನ ಎರಡೂ ಕಡೆಯವರು ನಿಯಮ ಮಾಡಿಕೊಂಡರು. ರಥಿಕನು ರಥಿಕನೊಡನೆ ಹೋರಾಡಬೇಕು, ಆಯುಧ ಕಳೆದುಕೊಂಡವನನ್ನು, ಬೆನ್ನು ತೋರಿಸಿದವನನ್ನು ಕೊಲ್ಲಬಾರದು ಎಂದು. ಪ್ರಥಮ ಖಲೀಫ ಅಬೂಬಕರ್(ರ) ಸಿರಿಯಾದ ಕಡೆಗೆ ಸೈನ್ಯ ಕಳುಹಿಸುವಾಗ ಮಹಿಳೆಯರನ್ನು, ಮಕ್ಕಳನ್ನು, ವೃದ್ಧರನ್ನು ಮುಟ್ಟಬಾರದು, ಹಣ್ಣಿನ ಮರ ಕಡಿಯಬಾರದು ಎಂದು ತಾಕೀತು ಮಾಡಿದರು. ಈ ನಿಯಮಗಳೆಲ್ಲ ಒಂದು ವಿಷಯವನ್ನು ಮೊದಲೇ ಭಾವಿಸಿಕೊಂಡಿವೆ. ಕೊಲ್ಲುವವನಿಗೆ ಎದುರಿರುವವನು ಕಾಣುತ್ತಾನೆ ಎಂಬುದೇ ಅದು. ಅವನು ಮಗುವೋ ಮುದುಕನೋ, ಆಯುಧ ಹಿಡಿದವನೋ ಹಿಡಿಯದವನೋ ಎಂದು ನೋಡಿ ತಿಳಿಯಬಹುದು. ಬಾಂಬರ್ ಕದ್ದದ್ದು ಆ ನೋಟವನ್ನೇ. ಹತ್ತು ಕಿಲೋಮೀಟರ್ ಎತ್ತರದಿಂದ ಮರವೂ ಮಗುವೂ ಒಂದೇ. ಸೈನಿಕನನ್ನೂ ನಾಗರಿಕನನ್ನೂ ಬೇರೆಯಾಗಿ ಕಾಣಬೇಕೆಂಬ ನಿಯಮವನ್ನು ಜಿನೀವಾ ಒಪ್ಪಂದಗಳಿಗೆ ವಿವರವಾಗಿ ಸೇರಿಸಿದ್ದು 1977ರಲ್ಲಿ, ‘ಸ್ಟಾರ್ ವಾರ್ಸ್’ ತೆರೆಕಂಡ ವರ್ಷವೇ. ಆ ಸಿನಿಮಾ ನೋಡದ ದೇಶವಿಲ್ಲ. ಆ ಒಪ್ಪಂದವನ್ನು ಅಮೇರಿಕ, ಭಾರತಗಳೆರಡೂ ಅಂಗೀಕರಿಸಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ‘ಕೆಳಗೆ ಯಾರಿದ್ದರು’ ಎಂಬ ಪ್ರಶ್ನೆಯನ್ನು ನಮಗೆ ಬೇಕಾದಲ್ಲಿ ಕೇಳಿ, ಬೇಡವಾದಲ್ಲಿ ಬಿಟ್ಟರೆ ಅದು ನೀತಿಯಾಗುವುದಿಲ್ಲ, ಪಕ್ಷಪಾತವಾಗುತ್ತದೆ. 2023ರ ಅಕ್ಟೋಬರಿನಲ್ಲಿ ಗಾಝಾದ ಹೆತ್ತವರು, ಸತ್ತರೆ ಗುರುತು ಸಿಗಲೆಂದು, ಮಕ್ಕಳ ಕೈಕಾಲಿನ ಮೇಲೆ ಹೆಸರು ಬರೆದ ಸುದ್ದಿ ಓದಿ ಮರುಗದವರಿಲ್ಲ. 2018ರ ಆಗಸ್ಟ್ 9ರಂದು ಯಮನಿನ ಸಅದಾ ಪ್ರಾಂತ್ಯದಲ್ಲಿ, ಬಸ್ಸಿನಲ್ಲಿ ಪ್ರವಾಸ ಹೊರಟಿದ್ದ ಮಕ್ಕಳ ಮೇಲೆ ಸೌದಿ ನೇತೃತ್ವದ ಮಿತ್ರಕೂಟದ ವಿಮಾನ ಬಾಂಬು ಹಾಕಿತು. ಸತ್ತ 51 ಮಂದಿಯಲ್ಲಿ 40 ಮಕ್ಕಳು. ಸಿರಿಯಾದಲ್ಲಿ ಅಸದ್ ಸರಕಾರದ ಹೆಲಿಕಾಪ್ಟರುಗಳು ತನ್ನದೇ ಪ್ರಜೆಗಳ ಮೇಲೆ ಸ್ಫೋಟಕ ತುಂಬಿದ ಡ್ರಮ್ಮುಗಳನ್ನು ಉರುಳಿಸಿದವು. ಹಾಕಿದವನ ಹೆಸರು, ಧರ್ಮ ಯಾವುದೆಂದು ನೋಡಿ ಮರುಗುವ ಹೃದಯ ಕೂಡಾ ಒಂದು ಬಗೆಯಲ್ಲಿ ಎತ್ತರದಲ್ಲಿಯೇ ಹಾರುತ್ತಿರುತ್ತದೆ. ಗಾಝಾದ ಮಗುವಿಗೆ ಹರಿಯುವ ಕಣ್ಣೀರು ಯಮನಿನ ಮಗುವಿಗೂ, ಲಂಡನ್ನಿನ, ಡ್ರೆಸ್ಡೆನ್ನಿನ, ಟೋಕಿಯೋದ ಮಗುವಿಗೂ ಹರಿಯಬೇಕು.

ಹಾಗಾದರೆ ಮಕ್ಕಳ ಕೈಯಿಂದ ಮೊಬೈಲು ಕಿತ್ತುಕೊಳ್ಳಬೇಕೇ? ಅದರಿಂದ ಪ್ರಯೋಜನವಾಗದು. ಕಿತ್ತುಕೊಂಡ ಆಟ ಪಕ್ಕದ ಮನೆಯಲ್ಲಿ ಇನ್ನಷ್ಟು ರುಚಿಯಾಗಿ ಸಿಗುತ್ತದೆ. ಬಾಂಬರಿನ ಆಟವಾಡಿದ ಮಗುವೆಲ್ಲ ಕೊಲೆಗಡುಕನಾಗುತ್ತದೆ ಎಂಬ ಮಾತೂ ಸತ್ಯವಲ್ಲ. ಮಾಡಬಹುದಾದ ಕೆಲಸ ಸರಳವಾಗಿದೆ. ಆಟ ಮುಗಿದ ಮೇಲೆ ಹತ್ತಿರ ಕೂರಿಸಿಕೊಂಡು, ಬೈಯದೆ, ಉಪದೇಶ ಮಾಡದೆ ಒಂದು ಪ್ರಶ್ನೆ ಕೇಳಬಹುದು: “ಮಗಾ, ಆ ಊರಿನಲ್ಲಿ ಯಾರೆಲ್ಲ ಇದ್ದರು?” ಮಕ್ಕಳ ಕಲ್ಪನೆಗೆ ಅಷ್ಟು ಸಾಕು, ಉಳಿದದ್ದನ್ನು ಅದೇ ಕಟ್ಟಿಕೊಳ್ಳುತ್ತದೆ. ಆ ಗ್ರಹದಲ್ಲಿ ಶಾಲೆ ಇತ್ತೇ? ಅಂಗಡಿಯವನು ಬಾಗಿಲು ಹಾಕಿದ್ದನೇ? ಆ ಊರಿನ ಮಕ್ಕಳ ಅಪ್ಪ ದೂರದ ಇನ್ಯಾವುದೋ ಗ್ರಹದಲ್ಲಿ ದುಡಿಯುತ್ತಿದ್ದು, ಮನೆಗೆ ಹಿಂತಿರುಗಲು ದಿನ ಎಣಿಸುತ್ತಿದ್ದನೇ? ಗಲ್ಫಿನಿಂದ ಬರುವ ಅಪ್ಪನನ್ನು ಕಾಯುವುದು ಏನೆಂದು ಬಲ್ಲ ಮಗುವಿಗೆ ಈ ಪ್ರಶ್ನೆ ಕಷ್ಟದ್ದಲ್ಲ. ಶಾಲೆಯಲ್ಲಿಯೂ ಇದನ್ನು ಮಾಡಬಹುದು. ವಿಮಾನದ ಚಿತ್ರ ಬರೆದ ಮಗುವಿಗೆ ಅದೇ ಹಾಳೆಯ ಕೆಳಭಾಗದಲ್ಲಿ ಊರನ್ನೂ ಬರೆಯಲು ಹೇಳಬಹುದು.

ಇಂಥ ಪ್ರಶ್ನೆ ಕೇಳಿಸಿಕೊಂಡು ಬೆಳೆದ ಮಗು ನಾಳೆ ಎಂಜಿನಿಯರ್ ಆಗಬಹುದು, ಸೈನಿಕನಾಗಬಹುದು, ಬರೀ ಮತದಾರನಾಗಿ ಉಳಿಯಬಹುದು. ಮೂವರ ಕೈಯಲ್ಲಿಯೂ ಗುಂಡಿಯಿದೆ. ಮೊದಲನೆಯವನು ಅದನ್ನು ರೂಪಿಸುತ್ತಾನೆ, ಎರಡನೆಯವನು ಒತ್ತುತ್ತಾನೆ, ಮೂರನೆಯವನು ಒತ್ತಲು ಒಪ್ಪಿಗೆ ಕೊಡುತ್ತಾನೆ. ಅಸ್ತ್ರ ಬಿಡುವುದನ್ನು ಮಾತ್ರ ಬಲ್ಲವನ ಗತಿ ಏನೆಂದು ಮಹಾಭಾರತದ ಸೌಪ್ತಿಕ ಪರ್ವ ಹೇಳುತ್ತದೆ. ಅಶ್ವತ್ಥಾಮ ಮತ್ತು ಅರ್ಜುನ ಇಬ್ಬರೂ ಮಹಾಸ್ತ್ರಗಳನ್ನು ಬಿಟ್ಟಾಗ ವ್ಯಾಸರೂ ನಾರದರೂ ನಡುವೆ ಬಂದು ನಿಲ್ಲುತ್ತಾರೆ. ಅರ್ಜುನ ತನ್ನ ಅಸ್ತ್ರವನ್ನು ಹಿಂದಕ್ಕೆ ಪಡೆಯುತ್ತಾನೆ. ಅಶ್ವತ್ಥಾಮನಿಗೆ ಆ ವಿದ್ಯೆ ಬರುವುದಿಲ್ಲ. ಅವನ ಅಸ್ತ್ರ ಕೊನೆಗೆ ಹೋಗಿ ತಾಗಿದ್ದು ಉತ್ತರೆಯ ಗರ್ಭದಲ್ಲಿದ್ದ ಶಿಶುವಿಗೆ. ಯುದ್ಧವೆಂದರೆ ಏನೆಂದೇ ತಿಳಿಯದ, ಇನ್ನೂ ಹೆಸರೇ ಇಲ್ಲದ ಒಂದು ಜೀವಕ್ಕೆ.

ಬಿಡುವ ವಿದ್ಯೆಯನ್ನು ಯಂತ್ರಗಳು ಕಲಿಸುತ್ತವೆ, ಆಟಗಳೂ ಕಲಿಸುತ್ತವೆ. ಹಿಂದಕ್ಕೆ ಪಡೆಯುವ ವಿದ್ಯೆಯನ್ನು ಕಲಿಸುವ ಹೊಣೆ ಮನೆಯದ್ದು, ಶಾಲೆಯದ್ದು, ಸಮಾಜದ್ದು. ಅದರ ಮೊದಲ ಪಾಠ ಕೆಳಗೆ ಯಾರಿದ್ದಾರೆಂದು ನೋಡುವುದು.